ಸಾವಿರದ ಐವತ್ತು ಸುತ್ತು

ನನ್ನ ಬಾಯಿ ಜೋರು. ವೈದ್ಯನಾಥಪುರದಲ್ಲಿ ಯಾರನ್ನು ಬೇಕಾದರೂ ಕೇಳಿ, "ನಾಗರಾಜಣ್ಣನ ಮಗಳು ದೀಪಿಕನಾ? ಅಯ್ಯಪ್ಪ, ಅವಳ ಬಾಯಿಗೆ ಸಿಕ್ಕೀಯಾ, ಜೋಕೆ" ಅನ್ನುತ್ತಾರೆ. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವವರಿಂದ ನಮ್ಮ ಸೋದರಮಾವನ ತನಕ ಯಾರನ್ನೂ ಬಿಟ್ಟವಳಲ್ಲ ನಾನು. ಅಂಥವಳು, ಬಾಯಿ ಬಿಡಲೇಬೇಕಾಗಿದ್ದ ಒಂದೇ ಒಂದು ಗಳಿಗೆಯಲ್ಲಿ ತುಟಿ ಹೊಲಿದುಕೊಂಡು ಕೂತಿದ್ದೆ.

ಅದು ಬುಧವಾರ ಮಧ್ಯಾಹ್ನ, ಮದ್ದೂರಿನಲ್ಲಿ ಸ್ವಾಮಣ್ಣನ ಅಂಗಡಿ. ಅಂಗಡಿಯ ಮುಂದುಗಡೆ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಾರೆ. ಹಿಂದಿನ ಚಿಕ್ಕ ರೂಮಿನಲ್ಲಿ ನಾನೂ ಪುಷ್ಪಕ್ಕನೂ ಕೂತು ಮೈಕಿನೊಳಗೆ ಇಡುವ ಟ್ರಾನ್ಸ್‌ಫಾರ್ಮರ್ ಸುತ್ತುತ್ತೇವೆ.

ಟ್ರಾನ್ಸ್‌ಫಾರ್ಮರ್ ಅಂದರೆ ಕರೆಂಟು ಕಂಬದ ಮೇಲೆ ಕೂತು ಗುಂಯ್ ಅನ್ನುವುದಲ್ಲ. ಇದು ಐದು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಉಂಗುರ. ರಿಬ್ಬನ್ ಮೈಕಿನೊಳಗೆ ಎರಡು ಅಯಸ್ಕಾಂತದ ಮಧ್ಯೆ ಒಂದು ಅಲ್ಯೂಮಿನಿಯಂ ಪಟ್ಟಿ ನೇತಾಡುತ್ತದೆ, ಉಸಿರು ಬಿಟ್ಟರೆ ಹರಿಯುವಷ್ಟು ತೆಳು. ಯಾರಾದರೂ ಹಾಡಿದರೆ ಅದು ನಡುಗುತ್ತದೆ. ಆ ನಡುಕದಿಂದ ಹುಟ್ಟುವ ಕರೆಂಟು ಎಷ್ಟು ಬಡಕಲು ಅಂದರೆ ವೈರಿನ ಆ ತುದಿ ಮುಟ್ಟುವಷ್ಟರಲ್ಲಿ ಸತ್ತೇ ಹೋಗುತ್ತದೆ. ಅದನ್ನು ಎತ್ತಿ ನಿಲ್ಲಿಸುವುದು ನಮ್ಮ ಉಂಗುರದ ಕೆಲಸ. ಒಳಗೆ ದಪ್ಪ ತಂತಿ ಇಪ್ಪತ್ತೆಂಟು ಸುತ್ತು, ಅದರ ಮೇಲೆ ಕೂದಲಿನಂಥ ತಂತಿ ಸಾವಿರ ಸುತ್ತು.

ಸಾವಿರ ಅಂದರೆ ಸಾವಿರವೇ. ಸ್ವಾಮಣ್ಣನ ಹತ್ತಿರ ಇದಕ್ಕೆ ಮಿಷನ್ನಿಲ್ಲ. ತಂತಿಯನ್ನು ಬಿದಿರಿನ ಸಣ್ಣ ಲಾಳಿಗೆ ತುಂಬಿಕೊಂಡು ಉಂಗುರದ ತೂತಿನಲ್ಲಿ ಒಂದೊಂದೇ ಸಲ ದಾಟಿಸಬೇಕು. ಪುಷ್ಪಕ್ಕ ಶುರು ಮಾಡುವಾಗ 'ಒಂದು' ಅನ್ನುವುದಿಲ್ಲ, ರಾಗಿ ಅಳೆಯುವವರ ಹಾಗೆ 'ಲಾಭ' ಅನ್ನುತ್ತಾಳೆ. ಐವತ್ತು ಸುತ್ತು ಮುಗಿದರೆ ಒಂದು ಹುಣಿಸೆಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಇಪ್ಪತ್ತು ಬೀಜ ಆ ಕಡೆ ಹೋದರೆ ಕೆಲಸ ಮುಗಿಯಿತು.

ಲಾಳಿ ಹಿಡಿದವರನ್ನು ಮಾತಾಡಿಸಬಾರದು, ಅವರೂ ಮಾತಾಡಬಾರದು. ಏನಿದ್ದರೂ ಬೀಜ ಸರಿಸಿದ ಮೇಲೆ. ರೂಮಿಗೆ ಹಾವು ಬಂದ ದಿನ ಪುಷ್ಪಕ್ಕ ಎರಡೂ ಕಾಲು ಸ್ಟೂಲಿನ ಮೇಲೆ ಎತ್ತಿಕೊಂಡು, ಮೂವತ್ತೆಂಟರಿಂದ ಐವತ್ತರ ತನಕ ಮುಗಿಸಿ, ಬೀಜ ಸರಿಸಿ, ಆಮೇಲೆ "ಅಯ್ಯಯ್ಯೋ ಹಾವು" ಅಂತ ಕಿರುಚಿದ್ದಳು.

ಇನ್ನು ಸಿದ್ದರಾಮು. ನಾವು ಸುತ್ತಿದ್ದನ್ನು ಟೆಸ್ಟ್ ಮಾಡುವವನು ಅವನೇ. ಅವನ ಅಪ್ಪ ಬ್ಲಫ್ ಅನ್ನುವ ಊರಿನಲ್ಲಿ ನೀರಿನಿಂದ ಕರೆಂಟು ತೆಗೆಯುವ ಪವರ್‌ಹೌಸಿನಲ್ಲಿ ಕೆಲಸದಲ್ಲಿದ್ದವರು. ಇವನು ಬೆಳೆದಿದ್ದು ಅಲ್ಲಿನ ಕ್ವಾರ್ಟರ್ಸಿನಲ್ಲೇ.

"ನಮ್ಮಪ್ಪನ ಟ್ರಾನ್ಸ್‌ಫಾರ್ಮರು ಮನೆಯಷ್ಟು ದೊಡ್ಡದು. ನಿಮ್ದು ನೋಡಿ, ಜೇಬಲ್ಲಿಟ್ಕಂಡ್ರೆ ಕಳ್ದೋಯ್ತದೆ" ಅಂತ ಬಂದ ಮೊದಲ ದಿನವೇ ಕೆಣಕಿದ್ದ.

"ನಿಮ್ಮಪ್ಪಂದು ಊರಿಗೆಲ್ಲ ಕೇಳ್ಸೋಂಗೆ ಗುಂಯ್ ಅಂತದೆ. ನಮ್ದು ಹಾಡ್ತದೆ, ಬಾಯ್ಬುಟ್ಟಾಗ ಕೇಳಿ" ಅಂದಿದ್ದೆ.

"ಕೇಳ್ತಾ ಇದೀನಲ್ಲ, ಆಗ್ಲಿಂದ ಅದೇ ಬಾಯಿನೇ" ಅಂದು ನಕ್ಕಿದ್ದ.

ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಕಿರಿದಾಗುತ್ತದೆ. ಇದನ್ನು ಕಂಡುಹಿಡಿಯುವಷ್ಟು ಸಲ ಅವನ ಮುಖ ನೋಡಿದ್ದೆ ಅಂತ ಲೆಕ್ಕ. ಅವನೂ ಟೆಸ್ಟ್ ಮಾಡಿದ ಉಂಗುರಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ಹೋಗಬಹುದಿತ್ತು. ಹೋಗುತ್ತಿರಲಿಲ್ಲ. ನಾನು ಬೀಜ ಸರಿಸುವ ತನಕ ಬಾಗಿಲಿಗೆ ಒರಗಿ ನಿಂತು, ನನ್ನ ಅಂಗೈಗೇ ಕೊಟ್ಟು ಹೋಗುತ್ತಿದ್ದ. ಎಂಟು ತಿಂಗಳು ಹೀಗೇ ನಡೆದಿತ್ತು.

ಬುಧವಾರ ಪುಷ್ಪಕ್ಕ ಊಟಕ್ಕೆ ಹೋಗಿದ್ದಳು. ನಾನು ಆರುನೂರ ನಲವತ್ತರಲ್ಲಿದ್ದೆ. ಅವನು ಬಂದ. ಬಾಗಿಲಿಗೆ ಒರಗಲಿಲ್ಲ, ನೇರ ಮೇಜಿನ ಮುಂದೆ ಬಂದು ನಿಂತ.

"ದೀಪಿಕ, ಭಾನುವಾರ ನಮ್ಮವ್ವನ ಕರ್ಕಂಡು ನಿಮ್ಮನೆಗೆ ಬರ್ಲಾ?"

ನನ್ನ ಕೈ ನಿಂತುಹೋಯಿತು. ಲಾಳಿ ಅರ್ಧ ತೂತಿನಲ್ಲಿ, ಅರ್ಧ ಬೆರಳಲ್ಲಿ. ತಲೆಯೊಳಗೆ ಒಂದೇ ಸಮ ಆರುನೂರ ನಲವತ್ತು, ಆರುನೂರ ನಲವತ್ತು. ಬಾಯಿ ಬಿಟ್ಟರೆ ಅದು ಬಿದ್ದುಹೋಗುತ್ತದೆ. ಇನ್ನು ಹತ್ತೇ ಸುತ್ತು, ಬೀಜ ಸರಿಸಿ, "ಬನ್ನಿ" ಅನ್ನುತ್ತೇನೆ ಅಂತ ಒಳಗೇ ಕೂಗಿಕೊಂಡೆ. ಆದರೆ ಕೈ ಏಳಬೇಕಲ್ಲ, ಏಳಲಿಲ್ಲ.

ಅವನು ನನ್ನ ನಿಂತ ಕೈಯನ್ನೇ ನೋಡಿದ. ಆಮೇಲೆ ಮುಚ್ಚಿದ ಬಾಯಿಯನ್ನು.

"ಸರಿ ಬುಡಿ. ತಪ್ಪು ತಿಳ್ಕಬ್ಯಾಡಿ" ಅಂದು ಹೊರಟೇಹೋದ.

ಆ ಹತ್ತು ಸುತ್ತನ್ನು ಹೇಗೆ ಮುಗಿಸಿದೆನೋ ನನಗೇ ಗೊತ್ತಿಲ್ಲ. ಎದ್ದು ಹೊರಗೆ ಓಡಿದರೆ ಅವನು ಸ್ವಾಮಣ್ಣನ ಬೈಕಿನಲ್ಲಿ ಮಂಡ್ಯಕ್ಕೆ ಹೋಗಿಯಾಗಿತ್ತು. ವಾಪಸ್ ಬಂದು ಕೂತು ಲಾಳಿ ಎತ್ತಿಕೊಂಡೆ. ಬೀಜ ಸರಿಸಿದ್ದೆನೋ ಇಲ್ಲವೋ? ಕಣ್ಣಲ್ಲಿ ನೀರು ತುಂಬಿ ಎರಡು ಬಟ್ಟಲೂ ಒಂದೇ ಆಗಿ ಕಾಣುತ್ತಿದ್ದವು, ಬೀಜ ಎಣಿಸಿ ನೋಡುವ ತಾಳ್ಮೆಯೂ ಇರಲಿಲ್ಲ. ಅನುಮಾನ ಬಂದರೆ ಬಿಚ್ಚಿ ಹೊಸದಾಗಿ ಸುತ್ತಬೇಕು, ಇದು ಕಸುಬಿನ ಮೊದಲ ಪಾಠ. ನಾನು ಬಿಚ್ಚಲಿಲ್ಲ. ಯಾಕೆ ಅಂತ ಪುಷ್ಪಕ್ಕ ಕೇಳಿದರೆ ಏನು ಹೇಳಲಿ? ಮುಂದಕ್ಕೆ ಸುತ್ತಿ, ಟೇಪು ಹಾಕಿ, ಟ್ರೇಯಲ್ಲಿಟ್ಟೆ.

ಗುರುವಾರ ಅವನೇ ಬಂದು ಇನ್ನೊಮ್ಮೆ ಕೇಳುತ್ತಾನೆ ಅಂದುಕೊಂಡಿದ್ದೆ. ಬಂದ. "ಮೇಡಂ, ಇದು ಓಕೆ" ಅಂದು ಉಂಗುರಗಳನ್ನು ಮೇಜಿನ ಮೇಲಿಟ್ಟು ಹೋದ. ಮೇಡಂ ಅಂತೆ! ನನಗೂ ಸಿಟ್ಟು ನೆತ್ತಿಗೇರಿತು. ಕೇಳಿದ್ದೂ ಅವನೇ, ಓಡಿದ್ದೂ ಅವನೇ. ಎಂಟು ತಿಂಗಳು ಬಾಗಿಲಲ್ಲಿ ನಿಂತವನಿಗೆ ಇನ್ನೊಂದು ನಿಮಿಷ ನಿಲ್ಲುವುದಕ್ಕೆ ಏನಾಗಿತ್ತು ದಾಡಿ? ನಾನ್ಯಾಕೆ ಹಿಂದೆ ಹೋಗಲಿ ಅಂದುಕೊಂಡೆ. ಶುಕ್ರವಾರವೂ ಹಾಗೇ ಅಂದುಕೊಂಡೇ ಕಳೆದೆ.

ಶುಕ್ರವಾರ ಸಂಜೆ ಬಟ್ಟಲು ತೊಳೆದು ನನ್ನ ಕೈಗೆ ಕೊಡುತ್ತಾ ಪುಷ್ಪಕ್ಕ ಹೇಳಿದಳು. "ಗೊತ್ತಾಯ್ತೇನಮ್ಮಿ? ನಮ್ ಸಿದ್ದರಾಮು ಭಾನುವಾರ ಮಳವಳ್ಳಿಗೆ ಹೆಣ್ಣು ನೋಡಕ್ಕೆ ಓಯ್ತಾವ್ನಂತೆ. ನಾಳೆ ಐದೂವರೆ ಬಸ್ಸಿಗೆ ಹೊಲ್ಡ್ತಾನೆ. ಹೆಣ್ಣು ಒಪ್ಪಿದ್ರೆ ಅಲ್ಲೇ ಹೂ ಮುಡ್ಸ್ತಾರಂತೆ."

"ಹೋಗ್ಲಿ, ನಂಗೇನು?" ಅಂದೆ.

"ನಿಂಗೇನೂ ಇಲ್ಲ ಕಣಮ್ಮಿ. ಆದ್ರೆ ಬಟ್ಲು ಯಾಕೆ ಕೈ ಜಾರ್ತು?"

ನಾನು ಚೂರುಗಳನ್ನು ಗುಡಿಸಿದೆ.

ಶನಿವಾರ ನಾಲ್ಕು ಗಂಟೆಗೆ ಸಿದ್ದರಾಮು ಒಂದು ಬಿಳಿ ಬಟ್ಟೆಯ ಮೇಲೆ ಎರಡು ಉಂಗುರ ಇಟ್ಟುಕೊಂಡು ಬಂದ. ಹಿಂದೆಯೇ ಸ್ವಾಮಣ್ಣ. ಅದು ಜೋಡಿ ಮೈಕಿನ ಆರ್ಡರು, ಒಂದನ್ನು ನಾನು ಸುತ್ತಿದ್ದೆ, ಇನ್ನೊಂದನ್ನು ಪುಷ್ಪಕ್ಕ. ಜೋಡಿ ಅಂದ ಮೇಲೆ ಎರಡೂ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಹಾಡುವವರು ಒಂದು ಪಕ್ಕಕ್ಕೆ ಸರಿದು ಕೂತಂತೆ ಕೇಳಿಸುತ್ತದೆ.

"ಇದು ಸರಿಯಾಗೈತೆ. ಆದ್ರೆ ಇದು ಐದು ಪರ್ಸೆಂಟ್ ಜಾಸ್ತಿ ತೋರಿಸ್ತದೆ" ಅಂದ ಸಿದ್ದರಾಮು. ನನ್ನ ಕಡೆ ನೋಡಲಿಲ್ಲ.

ಐದು ಪರ್ಸೆಂಟ್ ಅಂದ ಕೂಡಲೇ ನನಗೆ ಲೆಕ್ಕ ಹೊಳೆಯಿತು. ಸಾವಿರಕ್ಕೆ ಐವತ್ತು. ಒಂದು ಬೀಜ.

ಟೇಪು ಸುತ್ತಿದ ಮೇಲೆ ಯಾರದ್ದು ಯಾವುದು ಅಂತ ಹೇಳಲಿಕ್ಕೆ ಆಗುವುದಿಲ್ಲ. ಹೆಸರು ಬರೆಯುವ ಪದ್ಧತಿ ನಮ್ಮಲ್ಲಿಲ್ಲ, ಇಷ್ಟು ವರ್ಷ ಬೇಕಾಗಿಯೂ ಇರಲಿಲ್ಲ. ಆದರೆ ಸ್ವಾಮಣ್ಣ ನೋಡಿದ್ದು ಪುಷ್ಪಕ್ಕನನ್ನು. ಅವಳಿಗೆ ಯುಗಾದಿ ಆದಮೇಲೆ ಕಣ್ಣಿನ ಪೊರೆ ತೆಗೆಸಿದ್ದರು.

"ನಂದೇ ಇರ್ಬೇಕು ಸ್ವಾಮಣ್ಣ" ಅಂದಳು ಪುಷ್ಪಕ್ಕ. "ಈ ಕಣ್ಣು... ಬೀಜ ಸರ್ಸಿದ್ನೋ ಇಲ್ವೋ."

"ನಾನೂ ಎಷ್ಟು ದಿವ್ಸ ಅಂತ ನೋಡ್ಲಿ ಪುಷ್ಪ? ಸೋಮವಾರದಿಂದ ನೀನು ಮುಂದ್ಗಡೆ ಬಂದ್ಬುಡು. ಸುಟ್ಟ ಮೋಟ್ರಲ್ಲಿ ತಂತಿ ಕೀಳೋ ಕೆಲ್ಸ ನೋಡ್ಕೋ."

ಒಂಬತ್ತು ವರ್ಷ ಈ ಮೇಜಿನ ಮುಂದೆ ಕೂತವಳು ಅವಳು. ನನಗೆ ಲಾಳಿ ಹಿಡಿಯುವುದನ್ನು ಕಲಿಸಿದವಳು. ಸೆರಗಿನಿಂದ ಮೂಗು ಒರೆಸಿಕೊಂಡು ತನ್ನ ಬಟ್ಟಲುಗಳನ್ನು ಎತ್ತಿಟ್ಟುಕೊಳ್ಳಲು ಶುರು ಮಾಡಿದಳು.

"ಅದು ನಂದು" ಅಂದೆ.

ಮೂವರೂ ತಿರುಗಿದರು.

"ಜಾಸ್ತಿ ಇರೋದು ನಂದು. ಐವತ್ತು ಸುತ್ತು ಜಾಸ್ತಿ ಆಗೈತೆ. ಬುಧವಾರ ಬೀಜ ಸರ್ಸೋದು ಮರ್ತೆ."

ಸ್ವಾಮಣ್ಣ ನಂಬಲಿಲ್ಲ. "ನೀನಾ? ನೀನು ಮೂರು ವರ್ಸದಲ್ಲಿ ಒಂದ್ ಸಲ ತಪ್ಪಿಲ್ಲ. ಪುಷ್ಪನ ಉಳ್ಸಕ್ಕೆ ಈ ನಾಟ್ಕ ಬ್ಯಾಡ ಕಣಮ್ಮ."

"ನಾಟ್ಕ ಆಡೋ ಮಕ ಕಾಣ್ತದಾ ನಂದು? ಬಿಚ್ಚಿ ಎಣ್ಸಿ. ಸಾವಿರದ ಐವತ್ತು ಇರ್ತದೆ. ನಲವತ್ತೊಂಬತ್ತಿದ್ರೂ ನಾನು ಸುಳ್ಳಿ. ಹೊರ್ಗಡೆಯಿಂದ ನಾನೂರ ಹತ್ತು ಬಿಚ್ಚಿದ ಮೇಲೆ ತಂತೀಲಿ ಒಂದು ಮಡಚು ಸಿಕ್ತದೆ. ಅಲ್ಲಿ ನನ್ ಕೈ ನಿಂತಿತ್ತು."

ಸಿದ್ದರಾಮು ತಲೆಯೆತ್ತಿದ. ಮೂರು ದಿನದಲ್ಲಿ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಬುಧವಾರ ಅನ್ನುವುದು ಅವನಿಗೆ ಹೊಳೆಯಿತೋ ಇಲ್ಲವೋ ಆ ಮುಖದಲ್ಲಿ ಗೊತ್ತಾಗಲಿಲ್ಲ.

"ಬಿಚ್ಚು ಮತ್ತೆ" ಅಂದ ಸ್ವಾಮಣ್ಣ. "ಲೇ ಸಿದ್ದರಾಮು, ನೀನು ಎಣ್ಸು. ಬಾಯ್ಬುಟ್ಟು ಎಣ್ಸು, ಎಲ್ರಿಗೂ ಕೇಳ್ಬೇಕು. ಎಣಿಕೆ ತಪ್ಪಿದ್ರೆ ಅದು ಪುಷ್ಪಂದೇ ಅಂತ ಮುಗ್ಸ್ತೀನಿ."

ಗೋಡೆ ಗಡಿಯಾರದಲ್ಲಿ ನಾಲ್ಕೂಕಾಲು. ಅವನ ಬ್ಯಾಗು ಬಾಗಿಲ ಪಕ್ಕದಲ್ಲೇ ಇತ್ತು. ಅವನು ನನ್ನ ಎದುರಿನ ಸ್ಟೂಲಿಗೆ ಕೂತು ಉಂಗುರವನ್ನು ಎರಡು ಬೆರಳಲ್ಲಿ ಹಿಡಿದ. ನಾನು ತುದಿ ಹಿಡಿದು ಎಳೆದೆ.

"ಒಂದು."

ಮೇಜು ಅಷ್ಟೇನೂ ಅಗಲವಿಲ್ಲ. ತಂತಿಯನ್ನು ತೂತಿನಿಂದ ಹೊರಗೆಳೆಯುವಾಗ ಪ್ರತಿಸಲ ನನ್ನ ಬೆರಳು ಅವನ ಬೆರಳಿನ ಪಕ್ಕದಲ್ಲೇ ಹಾದುಹೋಗಬೇಕು. ಎಂಟು ತಿಂಗಳಲ್ಲಿ ಇಷ್ಟು ಹತ್ತಿರ ಕೂತಿರಲಿಲ್ಲ ನಾವು. ಅವನ ಅಂಗಿಯಿಂದ ಸಾಲ್ಡರಿಂಗ್ ಹೊಗೆಯ ವಾಸನೆ ಬರುತ್ತಿತ್ತು. ಇಪ್ಪತ್ತು ಸುತ್ತಿಗೊಮ್ಮೆ ತಂತಿ ಕತ್ತರಿಸಿ ಪಕ್ಕಕ್ಕಿಡುತ್ತಿದ್ದೆ. ನೂರಾಯಿತು, ಇನ್ನೂರಾಯಿತು. ಅವನ ದನಿಯಲ್ಲಿ ಏರಿಳಿತವೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವವರಿಗಾದರೂ ಸ್ವಲ್ಪ ಜೀವ ಇರುತ್ತದೆ.

"ನಾನೂರ ಒಂಬತ್ತು. ನಾನೂರ ಹತ್ತು."

ತಂತಿ ತಡೆಯಿತು. ಬೆರಳಿಗೆ ಸಣ್ಣ ಮಡಚು ಸಿಕ್ಕಿತು. ಅವನಿಗೂ ಕಂಡಿತು.

ಸ್ವಾಮಣ್ಣ ಇದ್ದಾನೆ, ಪುಷ್ಪಕ್ಕ ಇದ್ದಾಳೆ, ಮುಂದುಗಡೆಯಿಂದ ಇಬ್ಬರು ಹುಡುಗರು ಇಣುಕುತ್ತಿದ್ದಾರೆ. ಇರಲಿ. ಈಗ ಹೇಳದಿದ್ದರೆ ಐದೂವರೆಗೆ ಬಸ್ಸು.

"ಇಲ್ಲೇ ನೀವು ಕೇಳಿದ್ದು" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಆರುನೂರ ನಲವತ್ತರಲ್ಲಿದ್ದೆ. ಬಾಯ್ಬುಟ್ರೆ ಎಣಿಕೆ ಬಿದ್ದೋಯ್ತದೆ ಅಂತ ಸುಮ್ನಿದ್ದೆ. ಬ್ಯಾಡ ಅಂತ ಅಲ್ಲ. ಬನ್ನಿ ಅನ್ನೋದಿತ್ತು. ಈಗ್ಲೂ ಅದೇ ಅಂತೀನಿ. ನಿಮ್ಮವ್ವನ ಕರ್ಕಂಡು ನಮ್ಮನೆಗೆ ಬನ್ನಿ."

ಪುಷ್ಪಕ್ಕ "ಅವ್ವಯ್ಯ" ಅಂದು ಬಾಯಿ ಮುಚ್ಚಿಕೊಂಡಳು.

ಸಿದ್ದರಾಮು ನನ್ನನ್ನು ನೋಡಿದ. ತುಟಿ ತೆರೆಯಿತು.

"ನಾನೂರ ಹನ್ನೊಂದು" ಅಂದ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲರೆದುರು ಮಾನ ಮರ್ಯಾದೆ ಬಿಟ್ಟು ಹೇಳಿದರೆ ನಾನೂರ ಹನ್ನೊಂದಂತೆ! ಎದ್ದು ಹೋಗಿಬಿಡಬಹುದಿತ್ತು. ಹೋದರೆ ಎಣಿಕೆ ನಿಲ್ಲುತ್ತದೆ, ಪುಷ್ಪಕ್ಕ ಸೋಮವಾರದಿಂದ ಸುಟ್ಟ ಮೋಟರಿನ ಮುಂದೆ ಕೂರುತ್ತಾಳೆ. ಎಳೆದೆ.

"ನಾನೂರ ಹನ್ನೆರಡು."

ಇನ್ನೂ ಆರುನೂರು ಚಿಲ್ಲರೆ ಸುತ್ತು. ಉತ್ತರ ಇಲ್ಲದೆ ಕೂರುವುದು ಅಂದರೇನು ಅಂತ ಆಗ ಗೊತ್ತಾಯಿತು. ಅವನು ಇದನ್ನು ಮೂರು ದಿನ ಅನುಭವಿಸಿದ್ದ, ನಾನು ಅರ್ಧ ಗಂಟೆಗೇ ಸಾಯುತ್ತಿದ್ದೆ. ಅವನ ಅವ್ವ ಮಳವಳ್ಳಿಯವರಿಗೆ ಮಾತು ಕೊಟ್ಟಾಗಿದೆ. ಕೊಟ್ಟ ಮಾತು ತಪ್ಪುವವರಲ್ಲ ಅಂತ ಅವನೇ ಎಷ್ಟೋ ಸಲ ಹೇಳಿದ್ದಾನೆ. ಹಾಗಾದರೆ ಮುಗಿಯಿತು. ಒಂದು ನಿಮಿಷದ ಮಾತಿಗೆ ಜಂಬ ಮಾಡಿಕೊಂಡು ಮೂರು ದಿನ ಕೂತ ನನ್ನ ಮುಸುಡಿಗೆ ಇದೇ ಆಗಬೇಕಾದದ್ದು.

ಏಳುನೂರಾಯಿತು, ಎಂಟುನೂರಾಯಿತು. ಅವನ ಮುಖ ನೋಡಿದೆ. ಒಂದು ಸಲವೂ ಗಡಿಯಾರದ ಕಡೆ ತಿರುಗಿರಲಿಲ್ಲ. ಅದನ್ನು ಏನಂತ ತಿಳಿಯಲಿ? ಸಿಟ್ಟು ಬಂದವನೂ ಗಡಿಯಾರ ನೋಡುವುದಿಲ್ಲ.

ಐದು ಗಂಟೆ ದಾಟಿತು. ಯಾರೂ ಕದಲಲಿಲ್ಲ.

"ಸಾವಿರ" ಅಂದ. ಉಂಗುರದ ಮೇಲೆ ಇನ್ನೂ ತಂತಿ ಇತ್ತು. ಸ್ವಾಮಣ್ಣ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟ. ಪುಷ್ಪಕ್ಕ ಅಳುತ್ತಿದ್ದಳು.

"ಸಾವಿರದ ನಲವತ್ತೊಂಬತ್ತು. ಸಾವಿರದ ಐವತ್ತು."

ತಂತಿ ಖಾಲಿಯಾಯಿತು. ಸಿದ್ದರಾಮು ಉಂಗುರವನ್ನು ಬಿಳಿ ಬಟ್ಟೆಯ ಮೇಲೆ ಇಟ್ಟ. ಆಮೇಲೆ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡು ಬೈಯಲು ಶುರು ಮಾಡಿದ.

"ನಿಂಗೆ ಬುದ್ಧಿ ಐತಾ? ಎಣ್ಸ್ತಿದೀನಿ ಅಂತ ಒಂದು ಕೈ ಸನ್ನೆ ಮಾಡಕ್ಕಾಗ್ಲಿಲ್ವಾ? ಕೈ ನಿಲ್ಸ್ಕಂಡು ಕೂತಿದ್ದೆ! ಬೇರೆ ಹುಡ್ಗೀರಾಗಿದ್ರೆ ಸುಮ್ನಿದ್ರೆ ಒಪ್ಗೆ ಅನ್ಕಬೋದು. ನೀನು! ಇಷ್ಟ ಇದ್ದಿದ್ರೆ ಈ ಬೀದಿಗೆಲ್ಲ ಕೇಳ್ಸೋಂಗೆ ಕೂಗಿರೋಳು. ಸುಮ್ನಿದಾಳೆ ಅಂದ್ರೆ ಮನ್ಸು ನೋಯಿಸ್ಬಾರ್ದು ಅಂತ ತಡ್ಕಂಡವಳೆ ಅನ್ಕಂಡೆ."

ಮೇಡಂ ಹೋಗಿ ನೀನು ಬಂದಿತ್ತು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಮತ್ತೆ ನೀನು? ನಾನೂರ ಹನ್ನೊಂದು ಅಂತೀಯ! ಅರ್ಧ ಗಂಟೆ ಜೀವ ಕೈಯಲ್ಲಿಡ್ಕಂಡು ಕೂತಿದ್ದೆ."

"ಉತ್ರ ಕೊಟ್ಟಿದ್ರೆ ಎಣಿಕೆ ತಪ್ಪೋದು. ತಪ್ಪಿದ್ರೆ ಪುಷ್ಪಕ್ಕನ ತಲೆಗೆ ಬರೋದು. ನಂಗೇನು ಸಲೀಸಾಗಿತ್ತಾ?"

ಸ್ವಾಮಣ್ಣ ಕೆಮ್ಮಿದ. "ಪುಷ್ಪ, ತಪ್ಪಾಯ್ತು ಕಣಮ್ಮ. ನಿನ್ ಜಾಗದಲ್ಲಿ ನೀನು ಕೂತ್ಕೋ, ಈ ಉಂಗುರಕ್ಕೆ ಹೊಸ್ದಾಗಿ ನೀನೇ ಸುತ್ತು. ದೀಪಿಕ, ತಪ್ಪು ಮುಚ್ಚಿಟ್ಟಿದ್ದಕ್ಕೆ ಒಂದು ತಿಂಗ್ಳು ಸುಟ್ಟ ಮೋಟ್ರು ಕೆಲ್ಸ ನಿಂದು."

"ಎರಡು ತಿಂಗ್ಳು ಮಾಡ್ತೀನಿ" ಅಂದೆ. ಸತ್ಯವಾಗಿಯೂ ಅನ್ನಿಸಿ ಅಂದಿದ್ದು.

ಸಿದ್ದರಾಮು ಆಗಲೇ ಫೋನು ಕಿವಿಗಿಟ್ಟಿದ್ದ. "ಅವ್ವ, ಮಳವಳ್ಳಿ ಬ್ಯಾಡ. ... ಇಲ್ಲ, ಹುಸಾರಾಗಿವ್ನಿ. ... ಆ ಹುಡ್ಗಿ ಬನ್ನಿ ಅಂದ್ಲು. ... ಹೂಂ, ಇವತ್ತು. ... ಇಲ್ಲೇ ಅವ್ಳೆ." ಮುಖ ಸಣ್ಣ ಮಾಡಿಕೊಂಡು ಫೋನನ್ನು ನನ್ನ ಕಡೆ ಚಾಚಿದ. "ಮಾತಾಡ್ಬೇಕಂತೆ. ಸಿಟ್ಟಲ್ಲಿ ಅವ್ರೆ."

ಅವನ ಅವ್ವ ಮೀನಾಕ್ಷಮ್ಮನ ದನಿ ನನಗಿಂತ ಜೋರು. "ಯಾರವ್ವ ಅದು? ನೀನೇನಾ ನನ್ ಮಗನ್ನ ಮೂರು ದಿವ್ಸ ಹೂಂ ಉಹೂಂ ಬುಟ್ರೆ ಮಾತಿಲ್ದಂಗೆ ಮಾಡ್ದೋಳು?"

"ನಾನೇ."

"ನಾನು ಮಳವಳ್ಳಿಯೋರ್ಗೆ ಬತ್ತೀವಿ ಅಂದ್ಬುಟ್ಟಿದೀನಿ. ನನ್ ಜೀವ್ಮಾನದಲ್ಲಿ ಒಂದ್ ಮಾತು ಹಿಂದ್ಕೆ ತಗೊಂಡೋಳಲ್ಲ. ಈಗ ನಿನ್ ದೆಸೆಯಿಂದ ಅವ್ರ ಕೈಲಿ ಬೈಸ್ಕಬೇಕು. ಆಗ್ಲಿ, ಬೈಸ್ಕತೀನಿ, ಆ ಹೆಣ್ಮಗಿಗೇನು ಗಂಡಿಗೆ ಬರವಾ. ಆದ್ರೆ ನಾಳೆ ನಾನು ಬಂದು ನಿಮ್ಮಪ್ಪನ ಮುಂದೆ ಕೇಳ್ದಾಗ ಮತ್ತೆ ಮೂಗಿ ಥರ ಕೂತ್ಕಂಡ್ರೆ?"

ಸಿದ್ದರಾಮು, ಪುಷ್ಪಕ್ಕ, ಸ್ವಾಮಣ್ಣ, ಬಾಗಿಲಿನ ಹುಡುಗರು, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಕೂರಲ್ಲ ಕಣತ್ತೆ" ಅಂದೆ.

"ಅತ್ತೆ ಅಂದ್ಯಾ?" ಅಂದರು ಮೀನಾಕ್ಷಮ್ಮ. ದನಿ ಅರ್ಧಕ್ಕರ್ಧ ಇಳಿದಿತ್ತು. "ಹತ್ತು ಗಂಟೆಗೆ ಬತ್ತೀವಿ. ನಿಮ್ಮವ್ವಂಗೆ ಹೇಳು, ಒಬ್ಬಟ್ಟು ಗಿಬ್ಬಟ್ಟು ಅಂತ ಒದ್ದಾಡ್ಬ್ಯಾಡಿ. ಉಪ್ಪಿಟ್ಟಾದ್ರೂ ಸಾಕು."